ನಾಲ್ಕು ಲಕ್ಷ ಹೆಜ್ಜೆ

ಅಂಗಿಗೆ ಸಿಕ್ಕಿಸುವ ತಂತಿಯಿಲ್ಲದ ಮೈಕನ್ನು ದಾಂಡೇಲಿಯ ಬಂಗೂರನಗರ ಕಾಲೊನಿಗೆ ಮೊದಲು ತಂದವನು ಮಹಾಂತಪ್ಪ. 2006ರ ದಸರೆಯ ಕಾರ್ಯಕ್ರಮಕ್ಕೆ ಅದನ್ನು ತಾನೇ ಮನೆಯಿಂದ ಒಯ್ದು, ನಿರೂಪಣೆ ಮಾಡುತ್ತಿದ್ದ ಕರಿಬಸಪ್ಪನ ಅಂಗಿಗೆ ತಾನೇ ಸಿಕ್ಕಿಸಿ, ಗುಂಡಿ ಒತ್ತಿ ಕೊಟ್ಟಿದ್ದ. ಹಾಡು ಕುಣಿತ ಮುಗಿದ ಮೇಲೆ ಕರಿಬಸಪ್ಪ ಚಹಾ ಕುಡಿಯಲು ವೇದಿಕೆಯ ಹಿಂದೆ ಹೋದ. ಗುಂಡಿ ಆರಿಸುವುದು ಅವನಿಗೆ ಗೊತ್ತಿರಲಿಲ್ಲ. ಅವನು ಯಾರಿಗೋ ಹೇಳುತ್ತಿದ್ದ ಮಾತು ಮೈದಾನದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಕೇಳಿಬಂತು.

"ನಮ್ಮ ಮಹಾಂತಪ್ಪನ ಮನ್ಯಾಗ ಟಿವಿಗೆ ರಿಮೋಟ್ ಐತಿ, ಫ್ಯಾನಿಗೆ ರಿಮೋಟ್ ಐತಿ, ದೀಪಕ್ಕೂ ರಿಮೋಟ್ ಐತಿ. ಆ ಹೊಟ್ಟಿ ಒಂದಕ್ಕ ರಿಮೋಟ್ ಸಿಕ್ಕಿಲ್ಲ ನೋಡ್ರಿ, ಪಾಪ."

ಮೈದಾನದಲ್ಲಿದ್ದ ನಾನ್ನೂರು ಜನ ನಕ್ಕರು. ಅದನ್ನು ಮಹಾಂತಪ್ಪ ಸಹಿಸಿಕೊಳ್ಳಬಹುದಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಅಲ್ಲಾಡಿಸುತ್ತ ಕೂತಿದ್ದಳು. ಅವಳು ಅಳುತ್ತಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಮಹಾಂತಪ್ಪ ಕಾಗದದ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಇಷ್ಟು ವರ್ಷಗಳಲ್ಲಿ ಅವನಿಗಿದ್ದ ಚಟ ಒಂದೇ: ಗುಂಡಿ ಒತ್ತಿದರೆ ಕೆಲಸ ಮಾಡುವ ಯಾವುದನ್ನೇ ಆಗಲಿ ಕೊಳ್ಳುವುದು. ಮಾತಾಡುವ ಗಡಿಯಾರ, ಟಾರ್ಚಿರುವ ಪೆನ್ನು, ಟಿವಿ ಚಾನೆಲ್ ಬದಲಿಸುವ ಕೈಗಡಿಯಾರ, ಎಲ್ಲ ಬಂದಿದ್ದವು. ಕೊನೆಗೆ ಬಂದದ್ದು ಡಿಜಿಟಲ್ ಡೈರಿ. ನಾದಿನಿಯ ಮಗಳ ಮದುವೆಗೆ ಕರೆಯಬೇಕಾದ ನೂರೆಪ್ಪತ್ತು ಮನೆಗಳ ವಿಳಾಸಗಳನ್ನು ಅದರಲ್ಲಿ ತುಂಬಿಸಿ, ಹಳೆಯ ನೋಟುಬುಕ್ಕನ್ನು ಅವನು ರದ್ದಿಗೆ ಹಾಕಿದ. ಮದುವೆಗೆ ಎಂಟು ದಿನವಿರುವಾಗ ಡೈರಿಯ ಸೆಲ್ಲು ತೀರಿತು. ಹೊಸ ಸೆಲ್ಲು ಹಾಕಿದಾಗ ಡೈರಿ ತನ್ನ ಹುಟ್ಟಿದ ದಿನದಷ್ಟೇ ಖಾಲಿಯಾಗಿತ್ತು. ಮದುವೆಯಲ್ಲಿ ಅರ್ಧ ಊಟ ಉಳಿಯಿತು. ಕರೆಯದೆ ಬಿಟ್ಟವರ ಪೈಕಿ ಸುನಂದಾಳ ಸ್ವಂತ ಸೋದರಮಾವನೂ ಇದ್ದ.

"ಇನ್ನ ಮ್ಯಾಲ ಸೆಲ್ಲು ಹಾಕೂ ಸಾಮಾನು ಒಂದಽ ಒಂದು ಕೊಂಡು ತಂದ್ರ," ಸುನಂದಾ ಅಂದು ಹೇಳಿದ್ದಳು, "ನಾ ಮುಂಡಗೋಡಕ್ಕ ನಮ್ಮ ಅಣ್ಣನ ಮನಿಗೆ ಹೋಗ್ತೇನಿ. ಬಸ್ಸಿಗೆ ರಿಮೋಟ್ ಬೇಕಾಗೂದಿಲ್ಲ ನನಗ."

ಹಾಗಾಗಿ ನವೆಂಬರಿನಲ್ಲಿ ಅಂದಾನೆಪ್ಪ ಡಾಕ್ಟರು ಸ್ಪರ್ಧೆ ಘೋಷಿಸಿದಾಗ ಮಹಾಂತಪ್ಪ ಆ ದಿನವೇ ಹೋಗಿ ಹೆಸರು ಕೊಟ್ಟ. ಡಾಕ್ಟರು ನಿವೃತ್ತರಾದರೂ ಕಾಲೊನಿಯ ಸಕ್ಕರೆ ರೋಗಿಗಳನ್ನು ಬಿಟ್ಟವರಲ್ಲ. ಯಾವುದೋ ಔಷಧ ಕಂಪನಿಯವರು ಅವರಿಗೆ ಹನ್ನೆರಡು ಪುಟ್ಟ ಯಂತ್ರಗಳ ಡಬ್ಬಿ ಕೊಟ್ಟಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡದು, ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಹೆಜ್ಜೆ ಎಣಿಸುತ್ತಿತ್ತು. ಇಪ್ಪತ್ತೊಂದು ದಿನದಲ್ಲಿ ಯಾರು ಹೆಚ್ಚು ಹೆಜ್ಜೆ ಹಾಕುವರೋ ಅವರಿಗೆ ಬಹುಮಾನ ಒಂದು ಹೊಸ ಮೊಬೈಲು: ಬಣ್ಣದ ಪರದೆ, ಕ್ಯಾಮೆರಾ, ಹಾಡು, ಎಫ್ಎಮ್ಮು. ಅದೂ ಕಂಪನಿಯವರೇ ಕೊಟ್ಟದ್ದು. ಡಾಕ್ಟರಿಗೆ ಅದನ್ನು ಚಾಲೂ ಮಾಡುವುದೇ ತಿಳಿಯದೆ ಬಹುಮಾನಕ್ಕೆ ಇಟ್ಟಿದ್ದರು.

ಕೊಂಡು ತರಬಾರದು ಎಂದಿದ್ದಳು ಸುನಂದಾ. ಗೆದ್ದು ತರಬಾರದು ಎಂದಿರಲಿಲ್ಲ. ಅಷ್ಟೇ ಅಲ್ಲ, ಗೆದ್ದರೆ ಆ ನಾನ್ನೂರು ಜನರ ಎದುರು, ಕರಿಬಸಪ್ಪನ ಎದುರು, ಹೊಟ್ಟೆಯ ಮಾನವೂ ಮರಳಿ ಸಿಗುತ್ತಿತ್ತು. ಕರಿಬಸಪ್ಪನೂ ಹೆಸರು ಕೊಟ್ಟಿದ್ದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಡಾಕ್ಟರು ಹನ್ನೆರಡೂ ಯಂತ್ರಗಳನ್ನು ಸೊನ್ನೆಗೆ ತಂದರು. ಮತ್ತೆ ಸೊನ್ನೆ ಮಾಡುವ ಗುಂಡಿಯ ಮೇಲೆ ಗಾಯದ ಪಟ್ಟಿ ಅಂಟಿಸಿ, ಅದರ ಮೇಲೆ ಸಹಿ ಹಾಕಿದರು. ಪ್ರತಿಯೊಂದನ್ನೂ ಕಪ್ಪು ರೆಕ್ಸಿನ್ನಿನ ಚೀಲದಲ್ಲಿ ಇಟ್ಟು ಕೊಟ್ಟರು.

"ಕೈಯಾಗ ಹಿಡಿದು ಅಲ್ಲಾಡಿಸಿದ್ರ ಎಣಸೂದಿಲ್ಲ ಮತ್ತ," ಎಂದು ನಕ್ಕರು. "ನಡದಽ ತೀರಬೇಕು."

ಮಹಾಂತಪ್ಪ ನಡೆದ. ಮೊದಲ ದಿನ ಪ್ರಾಮಾಣಿಕವಾಗಿಯೇ ನಡೆದ. ರಸ್ತೆಯ ತಿರುವಿನ ಸಣ್ಣ ಸೇತುವೆಯವರೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಏದುಸಿರು ಬಿಡುತ್ತ ಯಂತ್ರ ನೋಡಿದ. ಮುನ್ನೂರ ಹನ್ನೆರಡು. ಇಪ್ಪತ್ತೊಂದು ದಿನಕ್ಕೆ ಇದನ್ನು ಗುಣಿಸಿ ನೋಡುವ ಧೈರ್ಯವಾಗಲಿಲ್ಲ. ಆ ಕಟ್ಟೆಯ ಮೇಲೆಯೇ ಅವನು ಅಪರಾಧಿಯಾದ.

ಅವನದು ಲೆಕ್ಕಾಚಾರದ ತಲೆ. ಮನೆಗೆ ಬಂದವನೇ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಯಂತ್ರವನ್ನು ಫ್ಯಾನಿಗೆ ಕಟ್ಟಿದ; ಫ್ಯಾನು ಸುತ್ತಿತು, ಅಂಕಿ ಕದಲಲಿಲ್ಲ. ಬೀದಿನಾಯಿಗೆ ಕಟ್ಟಿದ, ನಾಯಿ ಅದೇನೆಂದು ಮೂಸಿ ನೋಡಿ ಅಲ್ಲೇ ಮಲಗಿ ನಿದ್ದೆ ಹೋಯಿತು. ಬಟ್ಟೆ ಒಗೆಯುವ ಯಂತ್ರ ಒಳ್ಳೆಯ ಹಾದಿಯಾಗಿತ್ತು, ಆದರೆ ಅದರ ಮುಚ್ಚಳ ಸುನಂದಾಳ ಸುಪರ್ದಿಯಲ್ಲಿತ್ತು. ಕೊನೆಗೆ ಅವನಿಗೆ ಹೊಳೆಯಿತು: ನಡಿಗೆಯನ್ನು ಮೋಸಗೊಳಿಸಲು ಹೋಗಬಾರದು, ನಡೆಯುವವರನ್ನು ಹುಡುಕಬೇಕು. ಇಡೀ ದಿನ ನಡೆಯುವವರು, ಯಾರ ಕಣ್ಣಿಗೂ ಬೀಳದವರು, ಸ್ಪರ್ಧೆಯ ಗಂಧ ಗಾಳಿ ಇಲ್ಲದವರು. ಆ ಉಪಾಯ ತನ್ನ ತಲೆಗಲ್ಲದೆ ದಾಂಡೇಲಿಯಲ್ಲಿ ಬೇರೆ ಯಾರ ತಲೆಗೂ ಬಾರದು ಎಂದು ಅವನಿಗೆ ಅನ್ನಿಸಿತು.

ಹತ್ತೂವರೆಗೆ ಅವನ ಬಾಗಿಲಿಗೆ ರೂಪಿಬಾಯಿ ಬಂದಳು. ಹಳಿಯಾಳದ ಕಡೆಯ ತಾಂಡಾದಿಂದ ದಿನಾ ಬೆಳಗಿನ ಬಸ್ಸಿಗೆ ಬಂದು, ತಲೆಯ ಮೇಲೆ ಬುಟ್ಟಿ ಹೊತ್ತು, ಕಾಲೊನಿಯ ಎಲ್ಲ ಸಾಲುಗಳಲ್ಲಿ ಸೊಪ್ಪು ಮಾರಿ, ಮಧ್ಯಾಹ್ನ ಪೇಟೆ ಸುತ್ತಿ, ಸಂಜೆ ಊರಿಗೆ ಹೋಗಿ ಹೊಲದ ಕೆಲಸ ಮಾಡುವ ಹೆಂಗಸು. ಮಹಾಂತಪ್ಪನದು ಸಾಲಿನ ಕೊನೆಯ ಮನೆ. ಸುನಂದಾ ಒಳಗೆ ಸ್ನಾನಕ್ಕೆ ಹೋಗಿದ್ದಳು.

ಅವನು ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದ. ಈ ಪೆಟ್ಟಿಗೆ ಹವಾಮಾನ ಅಳೆಯುತ್ತದೆ, ಕಾರ್ಖಾನೆಯ ಸಾಹೇಬರಿಗೆ ದಾಂಡೇಲಿಯ ಎಲ್ಲ ಬೀದಿಗಳ ಶೆಕೆ ಚಳಿ ಗೊತ್ತಾಗಬೇಕಿದೆ, ಇತ್ಯಾದಿ. ಸುಳ್ಳು ಮೂರು ನಿಮಿಷದಷ್ಟಿತ್ತು.

"ರೂಪಿಬಾಯಿ, ಒಂದು ಕೆಲಸ ಆಗಬೇಕಿತ್ತಲ್ಲ," ಎಂದು ಯಂತ್ರವನ್ನು ಅಂಗೈಯಲ್ಲಿ ಇಟ್ಟು ತೋರಿಸಿದ. "ಇದು ಏನು ಅಂದ್ರ..."

"ಕೊಡ್ರಿ ಇಲ್ಲೆ," ಅಂದಳು ರೂಪಿಬಾಯಿ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆ ಚೀಲದ ದಾರ ಬಿಚ್ಚಿದಳು. "ಸ್ವಲ್ಪ ತಡೀರಿ, ಜಾಗಾ ಮಾಡ್ತೇನಿ."

"ನೀರು ತಾಗಬಾರದು."

"ಇಲ್ರಿ."

"ಮಲಗೂತನಕ ಸೊಂಟದಾಗಽ ಇರಬೇಕು. ಮತ್ತ ಯಾರ ಮುಂದೂ..."

"ಹೇಳೂದಿಲ್ರಿ ಸಾವಕಾರ್ರ. ನನಗ್ಯಾಕ ಬೇಕ್ರಿ ಮಂದಿ ಸುದ್ದಿ?" ಅವಳು ದಾರ ಬಿಗಿದಳು. "ದಿನಾ ನಾಕು ಕಟ್ಟು ಪುಂಡಿಪಲ್ಯೆ ತಗೋಬೇಕು. ನಾ ಹೇಳಿದ್ದಽ ರೇಟು. ಚೌಕಾಸಿ ಇಲ್ಲ."

ಮಹಾಂತಪ್ಪ ಒಪ್ಪಿಕೊಂಡ. ಮೂರು ನಿಮಿಷದ ಸುಳ್ಳು ಪೂರ್ತಿ ಉಳಿದುಹೋಯಿತು. ತನ್ನ ಮುಖದಲ್ಲೇ ಜನ ನಂಬುವಂಥದ್ದು ಏನೋ ಇರಬೇಕು ಎಂದು ಅವನಿಗೆ ಆ ದಿನ ಅನ್ನಿಸಿತು. ಕನ್ನಡಿಯಲ್ಲಿ ಹೋಗಿ ನೋಡಿಕೊಂಡ ಕೂಡ.

ಯಂತ್ರ ಹೋದರೂ ಚೀಲ ಉಳಿದಿತ್ತು. ಅದರೊಳಗೆ ಅಷ್ಟೇ ತೂಕದ ಸೋಪಿನ ತುಂಡು ಇಟ್ಟು ಬೆಲ್ಟಿಗೆ ಸಿಕ್ಕಿಸಿಕೊಂಡ. ಇನ್ನು ಉಳಿದದ್ದು ನಡೆಯುವವನಂತೆ ಕಾಣುವ ಕೆಲಸ. ಇದನ್ನು ಅವನು ಬಹಳ ಶ್ರದ್ಧೆಯಿಂದ ಮಾಡಿದ.

ದಿನಾ ಬೆಳಿಗ್ಗೆ ಐದೂವರೆಗೆ ಮಾತಾಡುವ ಗಡಿಯಾರ ಎಬ್ಬಿಸುತ್ತಿತ್ತು. ಕ್ಯಾನ್ವಾಸ್ ಬೂಟು ಹಾಕಿಕೊಂಡು, ಗೇಟು ಸದ್ದಾಗುವಂತೆ ತೆಗೆದು, ಮೊದಲ ಮೂರು ಮನೆಗಳವರೆಗೆ ಕೈ ಬೀಸಿ ನಡೆದು, ಆಮೇಲೆ ಪೊದೆಯ ಮರೆಯಲ್ಲಿ ಅಡಗಿಸಿಟ್ಟ ಸೈಕಲ್ಲು ಹತ್ತುತ್ತಿದ್ದ. ಕಾಳಿ ನದಿಯ ದಂಡೆಯಲ್ಲಿ ಹಾಳು ಬಿದ್ದ ಪಂಪುಮನೆಯಿತ್ತು. ಅದರ ಹಿಂದಿನ ಬಂಡೆಯ ಮೇಲೆ ಒಂದು ತಾಸು ಕೂತು, ಕಿವಿಗೆ ವಯರು ಸಿಕ್ಕಿಸಿಕೊಂಡು ರೇಡಿಯೋ ಕೇಳುತ್ತಿದ್ದ. ಎದುರು ದಂಡೆಯಲ್ಲಿ ಒಂದು ಮೊಸಳೆ ಬಂದು ಎಳೆಬಿಸಿಲಿಗೆ ಕಾಯುತ್ತ ಮಲಗುತ್ತಿತ್ತು. ಒಂದು ತಾಸು ಅದೂ ಅಲುಗುತ್ತಿರಲಿಲ್ಲ, ಅವನೂ ಅಲುಗುತ್ತಿರಲಿಲ್ಲ. ಏಳಕ್ಕೆ ಹತ್ತು ನಿಮಿಷವಿರುವಾಗ ಎದ್ದು, ಇಸ್ತ್ರಿಗೆ ಬಳಸುವ ನೀರಿನ ಬಾಟಲಿಯಿಂದ ಬೆನ್ನಿಗೂ ಕಂಕುಳಿಗೂ ಬೆವರು ಸಿಂಪಡಿಸಿಕೊಳ್ಳುತ್ತಿದ್ದ. ಇಷ್ಟಕ್ಕೇ ಬಿಡುವವನಲ್ಲ. ಇಷ್ಟು ನಡೆದವನ ಬೂಟು ಸವೆಯಬೇಕಲ್ಲ? ದಿನಾ ಕಾಲು ತಾಸು ಎರಡೂ ಬೂಟುಗಳ ಅಡಿಯನ್ನು ಬಂಡೆಗೆ ತಿಕ್ಕುತ್ತಿದ್ದ. ಎರಡನೆಯ ವಾರದ ಹೊತ್ತಿಗೆ ಬೂಟಿನ ಅಡಿಯೂ ತೆಳ್ಳಗಾಯಿತು, ಅವನ ರಟ್ಟೆಯೂ ಗಟ್ಟಿಯಾಯಿತು.

ಮನೆಯಲ್ಲಿ ಸುನಂದಾ ಬದಲಾಗಿದ್ದಳು. ಬೆಳಿಗ್ಗೆ ಅವನು ಬರುವ ಹೊತ್ತಿಗೆ ರಾಗಿ ಅಂಬಲಿ ಆರಿಸಿ ಇಟ್ಟಿರುತ್ತಿದ್ದಳು. ಒದ್ದೆ ಬನಿಯನ್ನನ್ನು ತಾನೇ ಇಸಿದುಕೊಂಡು ಹಿಂಡಿ ಒಣಹಾಕುತ್ತಿದ್ದಳು.

"ಆ ದಿನ ನಾ ನಗಬಾರದಿತ್ರಿ," ಅಂದಳು ಒಂದು ಬೆಳಿಗ್ಗೆ, ಅವನ ಕಡೆ ನೋಡದೆ.

ಅವನು ಅಂಬಲಿಯ ಲೋಟ ಕೆಳಗಿಟ್ಟ. ಹೇಳಿಬಿಡಲೇ ಅನ್ನಿಸಿತು. ಆದರೆ ಅವನ ಲೆಕ್ಕದ ಪ್ರಕಾರ ರೂಪಿಬಾಯಿ ಆಗಲೇ ಎರಡು ಲಕ್ಷ ದಾಟಿದ್ದಳು. ಎರಡು ಲಕ್ಷ ಹೆಜ್ಜೆ ನಡೆದ ಮೇಲೆ ಹಿಂದೆ ಬರುವುದು ಯಾರಿಗೂ ಸುಲಭವಲ್ಲ.

ಕಷ್ಟ ಕೊಟ್ಟದ್ದು ಆ ಹುಳಿ ಸೊಪ್ಪು, ಪುಂಡಿಪಲ್ಯ. ದಿನಕ್ಕೆ ನಾಲ್ಕು ಕಟ್ಟು; ನಡೆಯುವವರಿಗೆ ಅದು ಒಳ್ಳೆಯದಂತೆ ಎಂದು ಅವನು ಸುನಂದಾಳಿಗೆ ಹೇಳಿದ್ದ. ಸುನಂದಾ ಅದನ್ನು ನುಚ್ಚು ಹಾಕಿ ಮಾಡಿದಳು, ಬೇಳೆ ಹಾಕಿ ಮಾಡಿದಳು, ಚಟ್ನಿ ಮಾಡಿದಳು. ಮಿಕ್ಕದ್ದನ್ನು ನೆರೆಮನೆಗೆ ಕೊಡಲು ಹೋದರೆ ಅವರು ತಮ್ಮ ಮನೆಯ ಪುಂಡಿಪಲ್ಯವನ್ನೇ ಇವಳ ಕೈಗೆ ಕೊಟ್ಟು ಕಳಿಸಿದರು. ಕಾರ್ಖಾನೆಯ ಊಟದ ಹೊತ್ತಿನಲ್ಲಿ ಮಹಾಂತಪ್ಪ ಡಬ್ಬಿ ಬಿಚ್ಚಿದರೆ, ಎದುರಿಗೆ ಕರಿಬಸಪ್ಪನ ಡಬ್ಬಿಯಲ್ಲೂ ಪುಂಡಿಪಲ್ಯ, ಆಚೆ ಲೆಕ್ಕ ವಿಭಾಗದ ಮಾಲತೇಶನ ಡಬ್ಬಿಯಲ್ಲೂ ಪುಂಡಿಪಲ್ಯ. ಈ ವರ್ಷ ಹಳಿಯಾಳದ ಕಡೆ ಬೆಳೆ ಬಹಳ ಚೆನ್ನಾಗಿ ಬಂದಿದೆ ಎಂದುಕೊಂಡ.

ಒಂದೇ ಒಂದು ಸಲ ಅಪಾಯ ಎದುರಾಯಿತು. ಹದಿನೈದನೆಯ ದಿನ ಸಂಜೆ ಹಾಲಿನ ಅಂಗಡಿಯ ಮುಂದೆ ಅವನೂ ಕರಿಬಸಪ್ಪನೂ ನಿಂತಿರುವಾಗ ಅಂದಾನೆಪ್ಪ ಡಾಕ್ಟರು ಬಂದರು.

"ಏನ್ ಮಹಾಂತಪ್ಪ, ಎಷ್ಟಾತ್ರಿ? ತಗೀರಿ, ನೋಡೂಣು."

ಈ ಗಳಿಗೆಗೆ ಅವನು ತಯಾರಾಗಿದ್ದ. ಜೇಬಿನಲ್ಲಿ ಅವನ ಹಳೆಯ ಕಪ್ಪು ಬಿಳುಪು ಮೊಬೈಲು ಇತ್ತು. ರಿಂಗ್‌ಟೋನು ಆರಿಸುವ ಪಟ್ಟಿಯವರೆಗೆ ಹೋಗಿ ನಿಲ್ಲಿಸಿಟ್ಟರೆ, ಮುಂದೆ ಒಂದು ಗುಂಡಿ ಒತ್ತಿದಾಗ ಅದು ಕರೆ ಬಂದಂತೆಯೇ ಕೂಗುತ್ತದೆ. ಜೇಬಿನಲ್ಲಿ ಕೈ ಹಾಕಿ ಒತ್ತಿದ. ಕೂಗಿತು.

"ಹಲೋ! ಹೌದ್ರಿ ಸಾಹೇಬ್ರ. ಪಂಪಿನ ಬೇರಿಂಗ್ ಏನ್ರಿ? ಈಗಽ ಬಂದೆ ನೋಡ್ರಿ." ಡಾಕ್ಟರಿಗೆ ಕೈ ಮುಗಿದು ಸರಸರನೆ ಹೊರಟ.

"ಹೋಗಲಿ, ಕರಿಬಸಪ್ಪ, ನೀವರ ತೋರಸ್ರಿ," ಎಂದು ಡಾಕ್ಟರು ಅನ್ನುವುದು ಹಿಂದಿನಿಂದ ಕೇಳಿಸಿತು. ಅದೇ ಗಳಿಗೆಗೆ ಕರಿಬಸಪ್ಪನಿಗೆ ಕೆಮ್ಮು ಹತ್ತಿತು. ಸಾಮಾನ್ಯದ ಕೆಮ್ಮಲ್ಲ, ಬಗ್ಗಿ, ಎದೆ ಹಿಡಿದುಕೊಂಡು, ಕೈ ಅಲ್ಲಾಡಿಸುತ್ತ, ಮನೆಯ ಗೇಟಿನವರೆಗೂ ಕೆಮ್ಮುತ್ತಲೇ ಹೋದ. ಬೆಳಗಿನ ಇಬ್ಬನಿ ಎದೆಗೆ ಇಳಿದಿದೆ, ಇವನು ಇನ್ನು ಗೆಲ್ಲುವ ಮಾತೇ ಇಲ್ಲ ಎಂದು ಮಹಾಂತಪ್ಪನಿಗೆ ಖಾತ್ರಿಯಾಯಿತು. ಸ್ವಲ್ಪ ಕನಿಕರವೂ ಆಯಿತು.

ಕೊನೆಯ ಭಾನುವಾರ ಬೆಳಿಗ್ಗೆ ಹಳಿಯಾಳದ ಬಸ್ಸಿಗೆ ಕಾಯಲು ಅವನು ಬಸ್‌ಸ್ಟ್ಯಾಂಡಿಗೆ ಹೋದ. ಅಲ್ಲಿ ಕರಿಬಸಪ್ಪ ಬಸ್ಸಿನ ವೇಳೆಯ ಹಲಗೆಗೆ ಮೂಗು ತಾಗಿಸಿ ಓದುತ್ತಿದ್ದ. ಮಾಲತೇಶ ಚಹಾದಂಗಡಿಯಲ್ಲಿ ಮುಖದ ಮೇಲೆ ಪೇಪರು ಹಿಡಿದು ಕೂತಿದ್ದ. ಭಾನುವಾರ ಎಲ್ಲರಿಗೂ ಹುಬ್ಬಳ್ಳಿಗೆ ಹೋಗುವ ಹುಕಿ. ಮಹಾಂತಪ್ಪ ಅವರ ಕಣ್ಣು ತಪ್ಪಿಸಿ ಬಾಳೆಹಣ್ಣಿನ ಗಾಡಿಯ ಮರೆಗೆ ಸರಿದ. ಬಸ್ಸು ಬಂತು. ಇಳಿದ ರೂಪಿಬಾಯಿಗೆ ಕಣ್ಸನ್ನೆ ಮಾಡಿದ. ಅವಳು ಗಾಡಿಯ ಹಿಂದೆ ಬಂದು, ಯಂತ್ರವನ್ನು ಅವನ ಕೈಯಲ್ಲಿಟ್ಟು, ಒಂದು ಮಾತೂ ಆಡದೆ ಅವಸರದಿಂದ ಚಹಾದಂಗಡಿಯ ಕಡೆ ಹೋದಳು. ಯಂತ್ರಕ್ಕೆ ಮೆತ್ತಿದ್ದ ಸುಣ್ಣ ಒರೆಸಿ ಅವನು ಅಂಕಿ ನೋಡಿದ. ಮತ್ತೊಮ್ಮೆ ಒರೆಸಿ ನೋಡಿದ. ನಾಲ್ಕು ಲಕ್ಷದ ಹನ್ನೆರಡು ಸಾವಿರದ ಮುನ್ನೂರ ಎಂಬತ್ತಾರು.

ಹತ್ತು ಗಂಟೆಗೆ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಮೇಜಿನ ಮೇಲೆ ಹನ್ನೆರಡು ಯಂತ್ರಗಳು, ಪಕ್ಕದಲ್ಲಿ ಹೊಸ ಮೊಬೈಲಿನ ಡಬ್ಬಿ. ಡಾಕ್ಟರು ಮೊದಲು ಎಪ್ಪತ್ತು ದಾಟಿದ ಅಡಿವೆಯ್ಯ ಮಾಸ್ತರರ ಯಂತ್ರ ಎತ್ತಿಕೊಂಡರು.

"ಒಂದು ಲಕ್ಷದ ಆರು ಸಾವಿರದ ನಾಕನೂರಾ ಐವತ್ತು!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮಹಾಂತಪ್ಪ. ಅವನಿಗೆ ಆ ಉದಾರತೆ ಸಲೀಸಾಗಿತ್ತು. ಆಮೇಲೆ ನಾಲ್ವರದು ಬಂತು. ಎಪ್ಪತ್ತು ಸಾವಿರ, ಐವತ್ತು ಸಾವಿರ, ಹೀಗೆ. ನಂತರ ಅವನ ಹೆಸರು.

"ನಾಕು ಲಕ್ಷದ ಹನ್ನೆರಡು ಸಾವಿರದ..." ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಮುನ್ನೂರಾ ಎಂಬತ್ತಾರು! ಅಲ್ರೀ, ಹುಬ್ಬಳ್ಳಿಗೆ ಎರಡು ಸಲ ನಡಕೊಂಡು ಹೋಗಿ ಬಂದಂಗ ಆತಲ್ರಿ ಇದು!"

ಸಭೆ ಭೋರ್ಗರೆಯಿತು. ಮಹಾಂತಪ್ಪ ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿದ. ಹೆಂಗಸರ ಸಾಲಿನಲ್ಲಿ ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಈ ಸಲ ನಿಜವಾಗಿಯೂ ಅಳುತ್ತಿದ್ದಳು.

"ಇನ್ನ ಕರಿಬಸಪ್ಪ. ನಾಕು ಲಕ್ಷದ ಹನ್ನೆರಡು ಸಾವಿರದ ಐದನೂರಾ ಹತ್ತು."

ಮಹಾಂತಪ್ಪನಿಗೆ ಮೊದಲು ಆದದ್ದು ಬರೀ ಸಂಕಟ. ನೂರ ಇಪ್ಪತ್ತನಾಲ್ಕು ಹೆಜ್ಜೆ! ಮೊದಲ ದಿನ ಆ ಕಟ್ಟೆಯ ಮೇಲೆ ಕೂರದೆ ಹಾಲಿನ ಅಂಗಡಿಯವರೆಗೆ ಹೋಗಿಬಂದಿದ್ದರೆ ಸಾಕಿತ್ತು. ಆ ಕೆಮ್ಮಿನಲ್ಲಿ ಇವನು ಇಷ್ಟೆಲ್ಲ ಹೇಗೆ ನಡೆದ ಎಂದು ಯೋಚಿಸುತ್ತಿರುವಾಗ ಡಾಕ್ಟರು ಮುಂದಿನದನ್ನು ಎತ್ತಿಕೊಂಡರು.

"ಮಾಲತೇಶ. ನಾಕು ಲಕ್ಷದ ಹನ್ನೆರಡು ಸಾವಿರದ..." ಡಾಕ್ಟರು ನಿಂತರು. ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ನೂರಾ ತೊಂಬತ್ತು. ವೀರೇಶ. ನಾಕು ಲಕ್ಷದ..."

"ಹನ್ನೆರಡು ಸಾವಿರದ," ಎಂದಿತು ಹಿಂದಿನ ಸಾಲು.

ಹತ್ತನೆಯ ಯಂತ್ರಕ್ಕೆ ಇಡೀ ಸಭೆ ದನಿಗೂಡಿಸಿತು. ಹನ್ನೊಂದನೆಯದಕ್ಕೆ ಮಕ್ಕಳು ತಾಳ ಹಾಕಿದರು. ಹನ್ನೆರಡನೆಯದು ಮುಗಿದಾಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು:

"ಏನ್ರಪಾ, ಏಳೂ ಮಂದಿ ಒಂದಽ ಹಗ್ಗಕ್ಕ ಕಟ್ಟಿಸಿಕೊಂಡು ಅಡ್ಡಾಡಿದ್ರೇನು?"

ಮಹಾಂತಪ್ಪ ತನ್ನ ಯೋಜನೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ತಡವಿ ನೋಡಿದ. ಡಾಕ್ಟರ ಸಹಿಯ ಪಟ್ಟಿ ಹರಿದಿಲ್ಲ. ಸೆಲ್ಲು ತೀರಿಲ್ಲ. ಬೂಟು ಸವೆದಿದೆ, ಬೆವರು ಹರಿದಿದೆ, ಮೊಸಳೆಯ ಹೊರತು ಸಾಕ್ಷಿ ಇಲ್ಲ. ಎಲ್ಲಿಯೂ ಬಿರುಕು ಕಾಣಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ರೂಪಿಬಾಯಿ ಬುಟ್ಟಿ ಇಳಿಸಿ ನಿಂತಿದ್ದಳು. ಇಷ್ಟು ದಿನ ಹೊತ್ತ ಪೆಟ್ಟಿಗೆ ಏನು ಗೆಲ್ಲುತ್ತದೆ ಎಂದು ನೋಡಲು ಬಂದಿದ್ದಳು. ಏಳು ಗಂಡಸರು ಒಮ್ಮೆಲೇ ತನ್ನ ಕಡೆ ಕಣ್ಣು ಕೆಕ್ಕರಿಸಿದ್ದು ಕಂಡು ಅವಳಿಗೆ ಸಿಟ್ಟು ಬಂತು. "ನನ್ನ ಯಾಕ ಹಂಗ ನೋಡಾಕತ್ತೀರಿ ಮಹಾಂತಪ್ಪ ಸಾವಕಾರ್ರ?" ಎಂದು ಅಷ್ಟು ಜನರೂ ಕೇಳುವಂತೆ ಗದರಿದಳು. "ಕರಿ‌ಬಸಪ್ಪ ಸಾವಕಾರ್ರು ಕೊಟ್ಟಿದ್ದು ಮೊದಲನೇದು, ನಿಮ್ಮದು ಆರನೇದು. ಒಂದು ಹೊತ್ತರೂ ಅಷ್ಟಽ ಕಾಲು ನೋಯ್ತಾವು, ಏಳು ಹೊತ್ತರೂ ಅಷ್ಟಽ. ಖರೇ ಹೇಳ್ತೇನಿ ಕೇಳ್ರಿ, ನಿಮ್ಮ ಏಳೂ ಮಂದಿ ಸುದ್ದಿ ನಾ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ!"